ಕುಲಮೂಲದ ಕೊನೆಯ ಪುಟ

ಕುಲಮೂಲವನ್ನರಿಯಬೇಕೆಂಬ ಆಸೆ ಮನುಷ್ಯನಿಗೆ ಸಹಜವಾದುದು. ಇಟಲಿಯಲ್ಲಿ ಈ ಶೋಧನೆಗೆ ಎರಡು ದಾರಿಗಳುಂಟು. ಮೊದಲನೆಯದು ಪುರಸಭೆಯ ಜನನ, ವಿವಾಹ, ಮರಣಗಳ ದಫ್ತರ. ಇದು ನೇಪಲ್ಸ್ ರಾಜ್ಯದಲ್ಲಿ 1809ರಲ್ಲಿಯೂ, ಏಕೀಕೃತ ಇಟಲಿಯ ಬಹುಭಾಗದಲ್ಲಿ 1866ರಲ್ಲಿಯೂ ಮೊದಲಾಯಿತು. ಅದಕ್ಕೂ ಹಿಂದಿನದನ್ನು ಅರಿಯಬೇಕಾದರೆ ಇಗರ್ಜಿಯ ಪುಸ್ತಕಗಳೇ ಗತಿ. ಟ್ರೆಂಟ್ ಧರ್ಮಸಭೆಯು 1563ರಲ್ಲಿ ವಿಧಿಸಿದ ಮೇಲೆ ಊರೂರಿನ ಪಾದ್ರಿಗಳು ಜ್ಞಾನಸ್ನಾನ, ವಿವಾಹಗಳನ್ನು ಬರೆದಿಡುತ್ತ ಬಂದರು.

ಆದರೆ ಕೆಲವರ ದಾರಿ ನಡುವೆಯೇ ನಿಂತುಹೋಗುತ್ತದೆ. ನೇಪಲ್ಸ್ ನಗರದ ಅನ್ನುನ್ಸಿಯಾತಾ ಅನಾಥಾಲಯದ ಗೋಡೆಯಲ್ಲಿ 1875ರವರೆಗೆ ತಿರುಗುವ ತೊಟ್ಟಿಲೊಂದಿದ್ದಿತು. ಹೆತ್ತವರು ಮುಖ ತೋರದೆ ಅದರಲ್ಲಿ ಶಿಶುವನ್ನಿಟ್ಟು ಹೋಗುತ್ತಿದ್ದರು. ಅಂತಹ ಮಕ್ಕಳಿಗೆ ಬಹುಕಾಲ ದೊರೆತ ಮನೆತನದ ಹೆಸರು 'ಎಸ್ಪೋಸಿಟೋ', ಎಂದರೆ, ಹೊರಗಿಡಲ್ಪಟ್ಟವನು.

ಪೂರ್ವಜನ ಪುಟದಲ್ಲಿ ಈ ಹೆಸರನ್ನು ಕಂಡ ವಂಶಸ್ಥನು ನಾಚಬೇಕೆ? ಗೋತ್ರವನ್ನರಿಯೆನೆಂದ ಸತ್ಯಕಾಮನನ್ನು ಗೌತಮನು ಶಿಷ್ಯನನ್ನಾಗಿ ಅಂಗೀಕರಿಸಿದುದು ಆ ಸತ್ಯವಚನಕ್ಕಾಗಿಯೇ. ತಂದೆತಾಯಿಗಳು ತಿಳಿಯರೆಂದು ಬರೆದ ಪುಟವೂ ಸತ್ಯವನ್ನೇ ನುಡಿಯುತ್ತದೆ. ಆ ಶಿಶುವಿಗೆ ಯಾರೋ ಹಾಲೂಡಿದರು, ಯಾರೋ ಸಾಕಿ ಬೆಳೆಸಿದರು. ಆದುದರಿಂದಲೇ ಇಂದು ಅದರ ಮೂಲವನ್ನು ಅರಸುವವನೊಬ್ಬನು ಇದ್ದಾನೆ. ಹೆತ್ತವರ ಹೆಸರು ದೊರೆಯದಿದ್ದರೂ ಸಾಕಿದವರ ಋಣ ಅವನ ಮೇಲಿದೆ. ಅದನ್ನು ಅರಿತು ಹಿಂದಿರುಗಿದವನ ಶ್ರಮ ವ್ಯರ್ಥವಾಯಿತೆಂದು ಹೇಳಲಾಗದು.