ರಾಶಿಯ ಅಡಿಯ ಒದ್ದೆ ಧಾನ್ಯ

ಪವಿತ್ರ ಕುರ್‌ಆನಿನ 83ನೆಯ ಅಧ್ಯಾಯದ ಹೆಸರು ‘ಅಲ್ ಮುತಫ್ಫಿಫೀನ್’. ಅಳತೆ ಮತ್ತು ತೂಕದಲ್ಲಿ ಕಡಿತ ಮಾಡುವವರು ಎಂದು ಅದರ ಅರ್ಥ. ತಾವು ಪಡೆಯುವಾಗ ಪೂರ್ತಿ ಅಳೆಸಿಕೊಂಡು, ಇತರರಿಗೆ ಕೊಡುವಾಗ ಕಡಿಮೆ ಕೊಡುವವರಿಗೆ ಅಲ್ಲಿ ವಿನಾಶದ ಎಚ್ಚರಿಕೆಯಿದೆ. ತಾವು ಮತ್ತೆ ಎಬ್ಬಿಸಲ್ಪಡುವವರೆಂಬ ಯೋಚನೆ ಇವರಿಗಿಲ್ಲವೇ ಎಂಬ ಪ್ರಶ್ನೆಯೂ ಅದರ ಬೆನ್ನಿಗೇ ಇದೆ. ನಮ್ಮಲ್ಲಿ ಅನೇಕರು ಈ ಅಧ್ಯಾಯವನ್ನು ಓದುವಾಗ ಸಂತೆಯ ತಕ್ಕಡಿಯನ್ನು ನೆನೆಯುತ್ತಾರೆ. ಇದು ಅಂಗಡಿಯವನಿಗೆ ಹೇಳಿದ ಮಾತು, ನಮಗಲ್ಲ ಎಂದುಕೊಂಡು ಮುಂದೆ ಸಾಗುತ್ತಾರೆ.

ಆದರೆ ಇಂದಿನ ತಕ್ಕಡಿ ಎಲ್ಲಿದೆ? ಅದು ಕಂಪ್ಯೂಟರಿನ ಒಳಗೆ ಸೇರಿಕೊಂಡಿದೆ. ಕಣ್ಣಿಗೆ ಕಾಣುವ ತಟ್ಟೆಯೂ ಇಲ್ಲ, ಕೈಗೆ ಸಿಗುವ ಬಟ್ಟೂ ಇಲ್ಲ. ಈ ಮಾತು ಸ್ಪಷ್ಟವಾಗಲು ಒಂದು ನಿಜ ಘಟನೆಯನ್ನು ನೋಡೋಣ.

ಜರ್ಮನಿಯ ವೋಕ್ಸ್‌ವ್ಯಾಗನ್ ಜಗತ್ತಿನ ಪ್ರಸಿದ್ಧ ಕಾರು ಕಂಪೆನಿಗಳಲ್ಲೊಂದು. 2018ರೊಳಗೆ ಜಗತ್ತಿನಲ್ಲೇ ಮೊದಲ ಸ್ಥಾನಕ್ಕೇರಬೇಕೆಂಬುದು ಅದರ ಗುರಿಯಾಗಿತ್ತು. ಅಮೆರಿಕದ ಮಾರುಕಟ್ಟೆ ಗೆಲ್ಲಲು ಅದು ತನ್ನ ಡೀಸೆಲ್ ಕಾರುಗಳನ್ನು ‘ಶುದ್ಧ ಡೀಸೆಲ್’ ಎಂದು ಜಾಹೀರಾತು ಮಾಡಿತು. ಡೀಸೆಲ್ ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡ್ ಎಂಬ ವಿಷಾನಿಲವಿರುತ್ತದೆ. ಅದು ಶ್ವಾಸಕೋಶಕ್ಕೆ ಹಾನಿಕರ, ದಮ್ಮಿನ ರೋಗಿಗಳಿಗಂತೂ ಇನ್ನಷ್ಟು ಅಪಾಯಕಾರಿ. ಅದನ್ನು ತಡೆಯಲು ಖರ್ಚು ತಗಲುತ್ತದೆ. ಖರ್ಚನ್ನೂ ಉಳಿಸಬೇಕು, ಸರಕಾರದ ಪರೀಕ್ಷೆಯಲ್ಲೂ ಪಾಸಾಗಬೇಕು. ಇದಕ್ಕೆ ಅವರು ಕಂಡುಕೊಂಡ ಉಪಾಯವೆಂದರೆ ಕಾರಿನ ಕಂಪ್ಯೂಟರಿನೊಳಗೆ ಇರಿಸಿದ ಒಂದು ಸಾಫ್ಟ್‌ವೇರ್.

ಪರೀಕ್ಷಾಲಯದಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಚಕ್ರ ತಿರುಗುತ್ತದೆ, ಆದರೆ ಸ್ಟೇರಿಂಗ್ ತಿರುಗುವುದಿಲ್ಲ. ಇಂತಹ ಲಕ್ಷಣಗಳಿಂದ ಆ ಸಾಫ್ಟ್‌ವೇರ್ ಇದು ಪರೀಕ್ಷೆಯೆಂದು ಗುರುತಿಸುತ್ತಿತ್ತು. ಕೂಡಲೇ ಹೊಗೆ ನಿಯಂತ್ರಣವನ್ನು ಪೂರ್ತಿ ಚಾಲೂ ಮಾಡುತ್ತಿತ್ತು. ಕಾರು ರಸ್ತೆಗಿಳಿದೊಡನೆ ಆ ನಿಯಂತ್ರಣ ಸಡಿಲಗೊಳ್ಳುತ್ತಿತ್ತು. ಆಗ ಅದು ಕಾನೂನು ಅನುಮತಿಸಿದ ಮಿತಿಯ 40 ಪಟ್ಟಿನವರೆಗೂ ವಿಷಾನಿಲವನ್ನು ಉಗುಳುತ್ತಿತ್ತು.

ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಕೆಲವು ಸಂಶೋಧಕರು ಅಳತೆಯ ಉಪಕರಣಗಳನ್ನು ಕಾರಿನಲ್ಲೇ ಕಟ್ಟಿಕೊಂಡು ರಸ್ತೆಯಲ್ಲಿ ಓಡಿಸಿ ನೋಡಿದರು. 2014ರಲ್ಲಿ ಅವರ ವರದಿ ಹೊರಬಂತು. ಕಂಪೆನಿ ಮೊದಲು ತಾಂತ್ರಿಕ ದೋಷವೆಂದು ಜಾರಿಕೊಳ್ಳಲು ನೋಡಿತು. ಕೊನೆಗೆ 2015ರ ಸೆಪ್ಟೆಂಬರಿನಲ್ಲಿ ತಪ್ಪೊಪ್ಪಿಕೊಳ್ಳಬೇಕಾಯಿತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಈ ಸಾಫ್ಟ್‌ವೇರ್ ಇತ್ತು. ನಮ್ಮ ದೇಶದಲ್ಲೂ ಆ ವರ್ಷದ ಕೊನೆಗೆ ಸುಮಾರು 3.23 ಲಕ್ಷ ಕಾರುಗಳನ್ನು ದುರಸ್ತಿಗೆಂದು ಹಿಂದಕ್ಕೆ ಕರೆಸುವುದಾಗಿ ಕಂಪೆನಿ ಪ್ರಕಟಿಸಿತು.

ಈಗ ಪ್ರವಾದಿವರ್ಯರ(ಸ) ಕಾಲದ ಮದೀನಾ ಮಾರುಕಟ್ಟೆಗೆ ಬನ್ನಿ. ಒಬ್ಬ ವ್ಯಾಪಾರಿಯ ಮುಂದೆ ಧಾನ್ಯದ ರಾಶಿಯಿತ್ತು. ಪ್ರವಾದಿ(ಸ) ಅದರೊಳಗೆ ಕೈ ಹಾಕಿದರು. ಬೆರಳುಗಳಿಗೆ ಒದ್ದೆ ತಗಲಿತು. ಇದೇನೆಂದು ಕೇಳಿದಾಗ ಮಳೆ ಬಿದ್ದು ನೆನೆಯಿತೆಂದು ಅವನು ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಒದ್ದೆ ಧಾನ್ಯವನ್ನು ಮೇಲೆಯೇ ಇಡಬಾರದಿತ್ತೇ ಎಂದು ಅವರು ಕೇಳಿದರು. ವಂಚಿಸುವವನು ನಮ್ಮವನಲ್ಲವೆಂದೂ ಎಚ್ಚರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ಈ ಹದೀಸ್ ಇದೆ.

ಗಮನಿಸಿ. ಧಾನ್ಯ ನೆನೆದದ್ದು ಅವನ ಅಪರಾಧವಾಗಿರಲಿಲ್ಲ. ಮಳೆ ಅಲ್ಲಾಹನದು. ಒದ್ದೆಯಾದ ಧಾನ್ಯ ಮಾರುವುದನ್ನೂ ಪ್ರವಾದಿ(ಸ) ತಡೆಯಲಿಲ್ಲ. ಒಣಗಿದ್ದನ್ನು ಮೇಲೆ ಹರಡಿ ಒದ್ದೆಯನ್ನು ಮರೆಮಾಡಿದ್ದೇ ಅಪರಾಧವಾಯಿತು. ಆ ಕಂಪೆನಿ ಮಾಡಿದ್ದೂ ಇದನ್ನೇ. ಪರೀಕ್ಷಕನ ಕಣ್ಣಿಗೆ ಒಣ ಧಾನ್ಯ, ರಸ್ತೆಯಲ್ಲಿ ಉಸಿರಾಡುವ ಮಗುವಿಗೆ ಒದ್ದೆ ಧಾನ್ಯ. ಪ್ರವಾದಿ(ಸ) ರಾಶಿಯೊಳಗೆ ಕೈ ಹಾಕಿ ನೋಡಿದರು. ಆ ಸಂಶೋಧಕರು ರಸ್ತೆಗಿಳಿದು ನೋಡಿದರು.

ಆದರೆ ಒಂದು ವ್ಯತ್ಯಾಸವಿದೆ. ಅದನ್ನು ನೆನೆದರೆ ಎದೆ ನಡುಗುತ್ತದೆ. ತಕ್ಕಡಿಯಲ್ಲಿ ಮೋಸ ಮಾಡಿದವನು ತನ್ನ ಗಿರಾಕಿಗಳನ್ನು ಬಲ್ಲ. ಮನಸ್ಸು ಕರಗಿ ಪಶ್ಚಾತ್ತಾಪಪಟ್ಟರೆ ಅವರ ಮನೆಗೆ ಹೋಗಿ ಹಕ್ಕನ್ನು ಹಿಂದಿರುಗಿಸಬಹುದು, ಕ್ಷಮೆ ಕೇಳಬಹುದು. ಯಂತ್ರದ ಮೂಲಕ ಕೋಟಿ ಜನರಿಗೆ ಮೋಸ ಮಾಡಿದವನು ಯಾರ ಬಾಗಿಲು ತಟ್ಟಬೇಕು? ಆ ಹೊಗೆ ಯಾವ ಊರಿನ ಯಾವ ವೃದ್ಧನ ಎದೆಗೆ ಸೇರಿತೆಂದು ಅವನಿಗೆ ಹೇಗೆ ಗೊತ್ತಾದೀತು? ಪಾಪದ ಕೈ ಉದ್ದವಾಗಿದೆ, ಪರಿಹಾರದ ಕೈ ಅಷ್ಟು ಉದ್ದವಾಗಿಲ್ಲ. ನಮಾಝ್, ಉಪವಾಸ, ಝಕಾತ್‌ಗಳೊಡನೆ ಬಂದರೂ ಜನರ ಹಕ್ಕನ್ನು ಕಬಳಿಸಿದ್ದರಿಂದ ಪುಣ್ಯವೆಲ್ಲ ಅವರ ಪಾಲಾಗಿ ಬರಿಗೈಯಾಗುವವನೇ ನಿಜವಾದ ದಿವಾಳಿಯೆಂದು ಪ್ರವಾದಿ(ಸ) ತಿಳಿಸಿದ್ದಾರೆ. ಕಂಪೆನಿಗಳ ದಿವಾಳಿತನ ನ್ಯಾಯಾಲಯದಲ್ಲಿ ತೀರ್ಮಾನವಾಗಬಹುದು. ಈ ದಿವಾಳಿತನ ತೀರ್ಮಾನವಾಗುವುದು ಪರಲೋಕದಲ್ಲಿ.

ಇಸ್ಲಾಮ್ ಲಾಭಕ್ಕೆ ವಿರೋಧಿಯಲ್ಲ. ಪ್ರವಾದಿಯವರೇ(ಸ) ವ್ಯಾಪಾರ ಮಾಡಿದ್ದರು. ಯಂತ್ರಕ್ಕೂ ಅದು ವಿರೋಧಿಯಲ್ಲ. ಕಬ್ಬಿಣವನ್ನು ಮೆದುಗೊಳಿಸಿ ಕವಚ ತಯಾರಿಸುವ ವಿದ್ಯೆ ಪ್ರವಾದಿ ದಾವೂದರಿಗೆ(ಅ) ಸಿಕ್ಕಿದ ಅನುಗ್ರಹವಾಗಿತ್ತು. ವಿರೋಧವಿರುವುದು ದುರಾಶೆಗೆ, ಒಬ್ಬರಿಗಿಂತ ಒಬ್ಬರು ಹೆಚ್ಚು ಗಳಿಸಬೇಕೆಂಬ ಪೈಪೋಟಿಗೆ. ಗೋರಿ ಸೇರುವ ತನಕ ಮನುಷ್ಯನನ್ನು ಮೈಮರೆಸುವುದು ಅದೇ ಎಂದು ‘ಅತ್ತಕಾಸುರ್’ ಅಧ್ಯಾಯ ಎಚ್ಚರಿಸುತ್ತದೆ. ಮದ್‌ಯನ್ ಜನಾಂಗಕ್ಕೆ ಸರಿಯಾಗಿ ಅಳೆಯಿರಿ ಎಂದು ಪ್ರವಾದಿ ಶುಐಬ್(ಅ) ಉಪದೇಶಿಸಿದಾಗ ಅವರು ಅಪಹಾಸ್ಯ ಮಾಡಿದರು. ನಿಮ್ಮ ನಮಾಝಿಗೂ ನಮ್ಮ ಸೊತ್ತಿನ ವ್ಯವಹಾರಕ್ಕೂ ಏನು ಸಂಬಂಧ ಎಂಬುದು ಅವರ ಮಾತಿನ ಧಾಟಿಯಾಗಿತ್ತು. ಧರ್ಮ ಮಸೀದಿಯಲ್ಲಿರಲಿ, ವ್ಯಾಪಾರದಲ್ಲಿ ಬೇಡ ಎನ್ನುವ ಇಂದಿನ ಜಾಣರ ಮಾತು ಹೊಸದೇನಲ್ಲ. ಅದು ನಾಶವಾದ ಜನಾಂಗವೊಂದರ ಹಳೆಯ ಮಾತು.

ಮಾಡಿದ್ದು ಕಂಪೆನಿ, ಅದರಲ್ಲಿ ದುಡಿಯುವವನು ಏನು ಮಾಡಿಯಾನು ಎಂದು ಕೆಲವರು ಕೇಳುತ್ತಾರೆ. ಕಂಪೆನಿ ಎಂಬುದಕ್ಕೆ ಕೈಯಿಲ್ಲ. ಆ ಸಾಫ್ಟ್‌ವೇರನ್ನು ಮನುಷ್ಯರೇ ಬರೆದರು, ಮನುಷ್ಯರೇ ಒಪ್ಪಿಗೆ ಕೊಟ್ಟರು. 2017ರಲ್ಲಿ ಅಮೆರಿಕದ ನ್ಯಾಯಾಲಯ ಈ ಪ್ರಕರಣದಲ್ಲಿ ಒಬ್ಬ ಎಂಜಿನಿಯರಿಗೆ 40 ತಿಂಗಳ, ಒಬ್ಬ ಅಧಿಕಾರಿಗೆ 7 ವರ್ಷಗಳ ಸೆರೆವಾಸ ವಿಧಿಸಿತು. ಮೇಲಿನವರ ಮಾತು ಕೇಳಿದೆ ಎಂಬುದು ಈ ಲೋಕದಲ್ಲೇ ಸಲ್ಲದಿರುವಾಗ ಪರಲೋಕದಲ್ಲಿ ಸಲ್ಲುವುದೇ? ಸೃಷ್ಟಿಕರ್ತನಿಗೆ ಅವಿಧೇಯತೆಯಾಗುವ ವಿಷಯದಲ್ಲಿ ಸೃಷ್ಟಿಗಳಿಗೆ ವಿಧೇಯತೆಯಿಲ್ಲ ಎಂಬುದು ನಮ್ಮ ಧರ್ಮದ ಸ್ಪಷ್ಟ ನಿಯಮ.

ಖಲೀಫಾ ಉಮರರ(ರ) ಕಾಲದ ಆ ಬಡ ಹುಡುಗಿಯ ಕಥೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಹಾಲಿಗೆ ನೀರು ಬೆರೆಸು ಎಂದಳು ತಾಯಿ. ಖಲೀಫರು ನಿಷೇಧಿಸಿದ್ದಾರಲ್ಲ ಎಂದಳು ಮಗಳು. ಖಲೀಫರು ಇಲ್ಲಿ ನೋಡುತ್ತಿಲ್ಲವಲ್ಲ ಎಂದಾಗ ಅವರ ಪ್ರಭು ನೋಡುತ್ತಿದ್ದಾನೆಂದು ಅವಳು ಉತ್ತರಿಸಿದಳು. ಪರೀಕ್ಷಕ ಇರುವಾಗ ಒಂದು ರೀತಿ, ಇಲ್ಲದಿರುವಾಗ ಇನ್ನೊಂದು ರೀತಿ ನಡೆಯಲು ಆ ಯಂತ್ರಕ್ಕೆ ಕಲಿಸಿದವರು ಮಹಾ ವಿದ್ಯಾವಂತರು. ಆ ಹುಡುಗಿಗಿದ್ದ ಒಂದೇ ವಿದ್ಯೆ ಅವರಿಗಿರಲಿಲ್ಲ.

ಆದುದರಿಂದ ಓದುಗರೇ, ದೂರದ ಕಂಪೆನಿಯನ್ನು ಬೈದು ಪುಸ್ತಕ ಮುಚ್ಚುವುದಕ್ಕಾಗಿ ಈ ಮಾತುಗಳಲ್ಲ. 2017ರ ಏಪ್ರಿಲ್‌ನಲ್ಲಿ ನಮ್ಮ ದೇಶದ ಲಖನೌದಲ್ಲೇ ಪೆಟ್ರೋಲ್ ಬಂಕುಗಳ ಯಂತ್ರದೊಳಗೆ ಚಿಪ್ ಅಡಗಿಸಿ, ಮೀಟರ್ ತೋರಿಸುವುದಕ್ಕಿಂತ ಕಡಿಮೆ ಇಂಧನ ಕೊಡುತ್ತಿದ್ದುದು ಪತ್ತೆಯಾಯಿತು. ನಮ್ಮ ಮೀನಿನ ಬುಟ್ಟಿಯ ಮೇಲೆ ಮಾತ್ರ ತಾಜಾ ಮೀನಿದೆಯೇ? ಅಡಿಕೆ ಗೋಣಿಯ ಬಾಯಲ್ಲಿರುವುದೇ ತಳದಲ್ಲೂ ಇದೆಯೇ? ಬೆಂಗಳೂರಿನಲ್ಲೋ ಗಲ್ಫ್‌ನಲ್ಲೋ ದುಡಿಯುವ ಮಗನ ಸಂಬಳ ಎಷ್ಟೆಂದು ತಂದೆತಾಯಿ ಕೇಳುತ್ತಾರೆ. ಅವನು ಅಲ್ಲಿ ಮಾಡುವ ಕೆಲಸವೇನು, ಅದರಲ್ಲಿ ಯಾರಿಗಾದರೂ ಮೋಸವಿದೆಯೇ ಎಂದೂ ಕೇಳಬೇಡವೇ? ಊಟದ ಬಟ್ಟಲಿಗೆ ಬರುವುದು ಆ ಸಂಪಾದನೆಯೇ ಅಲ್ಲವೇ?

ಇಮಾಮ್ ಅಬೂ ಹನೀಫಾ(ರಹ್) ಕೂಫಾದಲ್ಲಿ ಬಟ್ಟೆ ವ್ಯಾಪಾರಿಯಾಗಿದ್ದರು. ದೋಷವಿದ್ದ ಬಟ್ಟೆಯೊಂದನ್ನು ಅವರ ಪಾಲುದಾರರು ದೋಷ ತಿಳಿಸಲು ಮರೆತು ಮಾರಿಬಿಟ್ಟರು. ಕೊಂಡವನು ಯಾರೆಂದು ಗೊತ್ತಾಗದಾಗ ಇಮಾಮರು ಆ ಹಣವನ್ನೆಲ್ಲ ದಾನ ಮಾಡಿದರೆಂದು ಅವರ ಚರಿತ್ರೆಯಲ್ಲಿದೆ. ಆ ಜರ್ಮನ್ ಕಂಪೆನಿಯಾದರೋ ದಂಡ, ಪರಿಹಾರವೆಂದು 3,000 ಕೋಟಿ ಯೂರೋಗಿಂತಲೂ ಹೆಚ್ಚು ತೆತ್ತಿತು. ಒಬ್ಬರು ದೇವಭಯದಿಂದ ಕೊಟ್ಟರು, ಇನ್ನೊಬ್ಬರು ಸಿಕ್ಕಿಬಿದ್ದ ಮೇಲೆ ಕೊಟ್ಟರು. ಕೊಡುವುದಂತೂ ಎಲ್ಲರಿಗೂ ಇದೆ. ಇಲ್ಲಿ ಕೊಡದಿದ್ದರೆ ಅಲ್ಲಿ. ಇಲ್ಲಿ ಕೊಡುವುದು ಹಣ, ಅಲ್ಲಿ ಕೊಡಬೇಕಾದದ್ದು ಪುಣ್ಯ.

ಮಾರುವಾಗ ದೋಷವನ್ನು ಬಾಯಿಬಿಟ್ಟು ಹೇಳುವ ಧೈರ್ಯವನ್ನೂ, ಯಾರೂ ನೋಡದಿರುವಾಗ ಸರಿಯಾಗಿ ಅಳೆಯುವ ಮನಸ್ಸನ್ನೂ, ಕಡಿಮೆಯಾದರೂ ಬರಕತ್ತಿರುವ ಸಂಪಾದನೆಯನ್ನೂ ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.