ಜಲಗಾಲನ ಮತ್ತು ತ್ರಸಜೀವಿಗಳ ನೆಲೆ



ಮನೆಮಾತು ಕನ್ನಡವಿರಲಿ, ತಮಿಳು, ಗುಜರಾತಿ, ಮಾರವಾಡಿಯಿರಲಿ, ನೀರು ಸೋಸುವ ದಪ್ಪಬಟ್ಟೆಯನ್ನು ಅರಿಯದ ಜೈನಗೃಹವಿಲ್ಲ. ಆದರೆ ಜಲಗಾಲನವು ಸೋಸುವಲ್ಲಿಗೇ ಮುಗಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳಿಗೆ ಜೀವಾಣಿ ಎಂದು ಹೆಸರು. ಅವುಗಳನ್ನು ಸೋಸಿದ ನೀರಿನಿಂದಲೇ ಮೆಲ್ಲನೆ ತೊಳೆದು, ಯಾವ ಬಾವಿಯಿಂದ, ಯಾವ ಕೆರೆಯಿಂದ ನೀರು ತಂದೆವೋ ಅಲ್ಲಿಗೇ, ಎತ್ತರದಿಂದ ಸುರಿಯದೆ, ಮರಳಿ ಸೇರಿಸಬೇಕೆಂಬುದು ವಿಧಿ. ಒಂದು ನೀರಿನ ಜೀವಿಗೆ ಇನ್ನೊಂದು ನೀರು ಒಗ್ಗದೆಂಬುದನ್ನು ಹಿರಿಯರು ಬಲ್ಲವರಾಗಿದ್ದರು. ಈಗ ನೀರು ನಲ್ಲಿಯಿಂದ, ಟ್ಯಾಂಕರಿನಿಂದ ಬರುತ್ತದೆ. ಜೀವಾಣಿಯನ್ನು ಎಲ್ಲಿಗೆ ಒಯ್ಯುವುದು?

ರಾಜಾಜಿಯವರು 1878ರಲ್ಲಿ ಜನಿಸಿದ ತೊರಪಲ್ಲಿ ಅಗ್ರಹಾರವು ದಕ್ಷಿಣ ಪಿನಾಕಿನಿಯ ಸೀಮೆ. ನಂದಿಬೆಟ್ಟದ ಕಡೆ ಹುಟ್ಟುವ ಈ ನದಿಗೆ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಹೊರಹರಿವು ಬಂದು ಕೂಡುತ್ತದೆ. ಹೊಸೂರಿನ ಕೆಲವರಪಲ್ಲಿ ಅಣೆಕಟ್ಟಿನ ಕೆಳಗೆ ಬಿಳಿಯ ನೊರೆ ರಾಶಿರಾಶಿಯಾಗಿ ಏಳುವುದನ್ನು ತಮ್ಮಲ್ಲಿ ಅನೇಕರು ಕಂಡಿರುವಿರಿ. ಬಟ್ಟೆ ಒಗೆಯುವ ಪುಡಿಯ ಅಂಶವು ನೀರಿನ ಮೇಲ್ಪದರದ ಬಿಗಿತವನ್ನು ಸಡಿಲಿಸುತ್ತದೆ. ಆ ಬಿಗಿತದ ಮೇಲೆಯೇ ನಡೆದಾಡುವ ಕೀಟವು ಮುಳುಗುತ್ತದೆ. ಕೊಳಚೆ ಕೊಳೆಯುವಾಗ ನೀರಿನೊಳಗಿನ ಆಮ್ಲಜನಕವು ತೀರುತ್ತದೆ. ಮಕ್ಕಳು ಏರೋಪ್ಲೇನ್ ಚಿಟ್ಟೆ ಎನ್ನುವ ಕೊಡತಿ ಕೀಟದ ಮರಿಯು ತಿಂಗಳುಗಟ್ಟಲೆ ನೀರಿನಲ್ಲಿ ಬೆಳೆಯತಕ್ಕದ್ದು. ಅದು ಉಸಿರುಗಟ್ಟಿ ಸಾಯುತ್ತದೆ. ಅದರ ಆಹಾರವೇ ಸೊಳ್ಳೆಯ ಮರಿಗಳು. ಭಕ್ಷಕನು ಅಳಿದ ಮೇಲೆ ಕೊಳಚೆಯಲ್ಲೇ ಹೆಚ್ಚುವ ಕ್ಯೂಲೆಕ್ಸ್ ಸೊಳ್ಳೆಗೆ ತಡೆಯಿಲ್ಲ. ಬಳಿಕ ಅಹಿಂಸಾವ್ರತಿಗಳಾದ ನಾವೇ ಸಂಜೆ ಸೊಳ್ಳೆಬತ್ತಿ ಹಚ್ಚಿಡುತ್ತೇವೆ!

ನೆಲದ ಸಂಗತಿಯೂ ಇದೇ. ವ್ಯಾಪಾರಿಯಾದ ನನಗೆ ಖಾತೆಕಿರ್ದಿಯ ಭಾಷೆ ಸಲೀಸು. ಮಳೆಯು ಜಮೆ, ಆವಿಯಾದದ್ದು, ಹರಿದುಹೋದದ್ದು ಖರ್ಚು, ಮಣ್ಣಿನಲ್ಲಿ, ಕೆರೆಯಲ್ಲಿ ಇಂಗಿ ನಿಂತದ್ದು ಶಿಲ್ಕು. ಸಿಮೆಂಟು ಹಾಸಿದಲ್ಲಿ ಬಿದ್ದ ಮಳೆಯೆಲ್ಲ ಚರಂಡಿಗೆ ಸಂದು ಶಿಲ್ಕು ಸೊನ್ನೆಯಾಗುತ್ತದೆ. ಕೀಟದ ದೇಹದಲ್ಲಿಯೂ ಇಂಥದೇ ಲೆಕ್ಕವುಂಟು. ದೇಹ ಅತಿ ಚಿಕ್ಕದಾದುದರಿಂದ ಅದರಲ್ಲಿರುವ ನೀರು ಅತ್ಯಲ್ಪ, ಒಣಗುವ ಮೈಯೇ ಹೆಚ್ಚು. ಮೈಮೇಲಿನ ತೆಳುಮೇಣದ ಲೇಪ, ಮುಚ್ಚಿ ತೆರೆಯುವ ಉಸಿರುರಂಧ್ರಗಳು, ಇವಿಷ್ಟೇ ಅದರ ರಕ್ಷಣೆ. ಟಾರು, ಕಾಂಕ್ರೀಟುಗಳು ಕಾದು ತರಗೆಲೆಯ ಅಡಿಯ ತಂಪು ಇಲ್ಲವಾದಾಗ ಅದು ಹಸಿವಿಗಿಂತ ಮೊದಲು ನೀರಡಿಸಿ ಸಾಯುತ್ತದೆ. ಜೇನುನೊಣವಂತೂ ತನಗಾಗಿ ಮಾತ್ರವಲ್ಲ, ಮರಿಗಳಿರುವ ಗೂಡನ್ನು ಸುಮಾರು 35 ಡಿಗ್ರಿಯಲ್ಲಿ ತಂಪಾಗಿರಿಸಲು ನೀರು ಹೊತ್ತು ತರುತ್ತದೆ.

ಇನ್ನೊಂದು ವಿಷಯ ಓದಿ ಮನಸ್ಸು ಕಲಕಿತು. ನೀರಿನಲ್ಲಿ ಮೊಟ್ಟೆಯಿಡುವ ಕೆಲವು ಕೀಟಗಳು ಹೊಳೆಯುವ ಟಾರು ರಸ್ತೆಯನ್ನೇ ನೀರೆಂದು ಭ್ರಮಿಸಿ ಅದರ ಮೇಲೆ ಮೊಟ್ಟೆಯಿಡುತ್ತವೆಂದು ಹಂಗೇರಿ ದೇಶದ ವಿಜ್ಞಾನಿಗಳು 1998ರಲ್ಲಿ ತೋರಿಸಿದರು. ಒಂದು ಸಂತತಿಯೇ ರಸ್ತೆಯ ಮೇಲೆ ಒಣಗಿಹೋಗುವುದು.

ಎರೆಹುಳುವಿಗೆ ಎರಡು, ಇರುವೆಗೆ ಮೂರು, ಭ್ರಮರಕ್ಕೆ ನಾಲ್ಕು ಇಂದ್ರಿಯಗಳೆಂದು ನಮ್ಮ ಶಾಸ್ತ್ರ ಗಣಿಸಿದೆ. ಇವೆಲ್ಲ ತ್ರಸಜೀವಿಗಳು. ಇವುಗಳ ಸಂಕಲ್ಪಪೂರ್ವಕ ಹಿಂಸೆಯನ್ನು ಶ್ರಾವಕನು ಅಣುವ್ರತದಲ್ಲಿಯೇ ತ್ಯಜಿಸಿದ್ದಾನೆ. ಮನೆ ಕಟ್ಟುವುದು ಆರಂಭೀ ಹಿಂಸೆ, ವೃತ್ತಿಯಲ್ಲಿ ಆಗುವುದು ಉದ್ಯೋಗೀ ಹಿಂಸೆ, ಗೃಹಸ್ಥನಿಗೆ ಅನಿವಾರ್ಯ ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ಮನೆ ಕಟ್ಟುವುದು ಅನಿವಾರ್ಯವೇ ಸರಿ. ಅಂಗಳದ ಕಟ್ಟಕಡೆಯ ಮೂಲೆಗೂ ಟೈಲ್ಸ್ ಹಾಸುವುದು, ರಾತ್ರಿಯಿಡೀ ಗೋಡೆಗೆ ದೀಪ ಉರಿಸುವುದು ಅನಿವಾರ್ಯವೇ? ಯತ್ನಾಚಾರವಿಲ್ಲದಿದ್ದಲ್ಲಿ ಪ್ರಮಾದವಿದೆ, ಪ್ರಮಾದವೇ ಹಿಂಸೆಯ ಮೂಲವೆಂದು ಆಚಾರ್ಯರು ಸಾರಿದ್ದಾರೆ. ಅನಿವಾರ್ಯವೆಂಬ ಪದದ ಆಶ್ರಯದಲ್ಲಿ ನಾವು ಬಹಳಷ್ಟನ್ನು ಬಚ್ಚಿಟ್ಟಿದ್ದೇವೆಂದು ನನ್ನ ಭಾವನೆ.

ನಿವೇಶನದಲ್ಲಿ ಹಳೆಯ ಬಾವಿಯುಳ್ಳ ಬಂಧುಗಳು ಅದನ್ನು ಮುಚ್ಚಿಸದೆ, ಚಾವಣಿಯ ಮಳೆನೀರನ್ನು ಸೋಸಿ ಅದಕ್ಕೇ ಬಿಡುವಂತೆ ಏರ್ಪಾಡು ಮಾಡಬೇಕೆಂದು ವಿನಂತಿ. ಬಾವಿಯಿಲ್ಲದವರು ಒಂದಿಷ್ಟು ಮಣ್ಣನ್ನಾದರೂ ತೆರೆದಿಟ್ಟು, ಅಲ್ಲಿ ಬಿದ್ದ ಎಲೆಗಳನ್ನು ಸುಡದೆ ಬಿಡಲಿ. ಬೇಸಿಗೆಯಲ್ಲಿ ಹಕ್ಕಿಗಳಿಗೆ ನೀರಿಡುವ ಪದ್ಧತಿ ನಮ್ಮಲ್ಲಿದೆ. ಆ ಬೋಗುಣಿಯಲ್ಲಿ ನಾಲ್ಕು ಕಲ್ಲುಗಳನ್ನು ನೀರಿನಿಂದ ಮೇಲೇಳುವಂತೆ ಇರಿಸಿ. ಜೇನುನೊಣವು ಅದರ ಮೇಲೆ ಕುಳಿತು, ಮುಳುಗದೆ ಕುಡಿದು ಹೋಗುತ್ತದೆ. ನೀರನ್ನು ಮಾತ್ರ ದಿನವೂ ಬದಲಿಸತಕ್ಕದ್ದು. ಇಲ್ಲವಾದರೆ ಅಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆ.