ಗಲ್ಲಾದ ಕಾಸು, ದಾಸೋಹದ ಅಕ್ಕಿ





ದಾಂಡೇಲಿಯಿಂದ ಜೋಯಿಡಾ ಮೇಲೆ ಹಾದು ಉಳವಿಗೆ ಬರುವ ಯಾತ್ರಿಕರು ಗಣೇಶಗುಡಿಯನ್ನು ದಾಟಿಯೇ ಬರಬೇಕು. (ಪೊಟೋಲಿ, ಗುಂದದ ಮೇಲೆ ಬರುವವರ ದಾರಿ ಬೇರೆ.) ಕಾಳಿ ನದಿಗೆ ಅಡ್ಡಲಾಗಿ ನಿಂತಿರುವ 101 ಮೀಟರ್ ಎತ್ತರದ ಸೂಪಾ ಆಣೆಕಟ್ಟೆಯ ಬುಡದ ಊರು ಅದು. ಆ ಆಣೆಕಟ್ಟೆಯ ನೀರಿನಲ್ಲಿ ಸೂಪಾ ಎಂಬ ಹಳೆಯ ಪೇಟೆ ಮುಳುಗಿತು. ತಾಲೂಕಿಗಿದ್ದ ಸೂಪಾ ಎಂಬ ಹೆಸರೂ ಹೋಗಿ ಜೋಯಿಡಾ ಎಂದಾಯಿತು. ಕಟ್ಟುವ ಕೆಲಸ ನಡೆದಾಗ ಕೂಲಿಕಾರರು, ಇಂಜಿನಿಯರುಗಳಿಂದ ಗಿಜಿಗುಡುತ್ತಿದ್ದ ಗಣೇಶಗುಡಿ ಕೆಲಸ ಮುಗಿದ ಮೇಲೆ ತಣ್ಣಗಾಯಿತು. ಈಗ ಅಲ್ಲಿಯ ಸಣ್ಣ ಅಂಗಡಿಗಳಿಗೆ ಆಸರೆ ಎಂದರೆ ದಾರಿಹೋಕರು, ಕಾಡು-ನದಿ ನೋಡಲು ಬರುವ ಪ್ರವಾಸಿಗರು, ಮಾಘ ಮಾಸದ ಜಾತ್ರೆಗೆ ಹೋಗಿಬರುವ ಭಕ್ತರು. ಆಷಾಢದಲ್ಲಿ ಮಳೆ ಹಿಡಿಯಿತೆಂದರೆ ಬೋಣಿಗೆ ಆಗುವುದೇ ಮಧ್ಯಾಹ್ನಕ್ಕೆ.

ಅಂಥ ಒಂದು ಅಂಗಡಿ ಅಂತಿಟ್ಟುಕೊಳ್ಳಿ. ಚಹಾ, ಬಾಳೆಹಣ್ಣು, ತೆಂಗಿನಕಾಯಿ, ಕರ್ಪೂರ, ಮಕ್ಕಳಿಗೆ ಬಿಸ್ಕಿಟು, ಊರವರಿಗೆ ಉದ್ರಿಯಲ್ಲಿ ಬೇಳೆ, ಬೆಲ್ಲ. ಅಂಗಡಿಕಾರ ಒಬ್ಬ, ಕೈಕೆಲಸಕ್ಕೆ ಒಬ್ಬ ಹುಡುಗ. ವರ್ಷದುದ್ದಕ್ಕೂ ಈ ಅಂಗಡಿಗೆ ಗಿರಾಕಿಗಳ ಜೊತೆ ಇನ್ನೊಂದು ತರಹದ ಜನವೂ ಬರುತ್ತಾರೆ. ಗಣೇಶ ಚವತಿಗೆ ವರ್ಗಣಿ ಕೇಳುವ ಹುಡುಗರು, ಶಾಲೆಯ ವಾರ್ಷಿಕೋತ್ಸವಕ್ಕೆ ಬಹುಮಾನ ಕೊಡ್ರಿ ಅನ್ನುವ ಮಾಸ್ತರರು, ಭಜನಾ ಮಂಡಳಿಯವರು, ಮಹಿಳಾ ಸಂಘದವರು, ಯಾರದೋ ಮಗುವಿನ ಆಪರೇಶನ್ನಿಗೆ ಪಟ್ಟಿ ಹಿಡಿದು ಬಂದವರು. ಅವ ಗಲ್ಲಾ ತೆಗೆದು ಐವತ್ತೋ ನೂರೋ ಕೊಡುತ್ತಾನೆ, ಹೆಸರು ಬರೆಸುತ್ತಾನೆ, ಮತ್ತೆ ಚಹಾ ಸೋಸಲು ನಿಲ್ಲುತ್ತಾನೆ.

ಹೀಗೆ ಕೊಟ್ಟ ಹಣವನ್ನು ಏನೆಂದು ಕರೆಯಬೇಕು? ದಾನವೋ, ವರ್ಗಣಿಯೋ, ದಾಕ್ಷಿಣ್ಯಕ್ಕೆ ಕೊಟ್ಟದ್ದೋ? ಉಳವಿಯ ಸನ್ನಿಧಿಗೆ ನಡೆದು ಬರುವ ಭಕ್ತರು ಈ ಪ್ರಶ್ನೆಯನ್ನು ಒಂದು ಗಳಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಯಾಕೆಂದರೆ ಶರಣರು ದಾನ ಎಂಬ ಮಾತನ್ನು ಹಿಂದೆ ಸರಿಸಿ ದಾಸೋಹ ಎಂಬ ಮಾತನ್ನು ಮುಂದೆ ತಂದವರು. ದಾನದಲ್ಲಿ ಕೊಡುವವನ ಕೈ ಮೇಲೆ, ತೆಗೆದುಕೊಳ್ಳುವವನ ಕೈ ಕೆಳಗೆ. ದಾಸೋಹವೆಂದರೆ ‘ದಾಸೋಹಂ’, ನಾನು ದಾಸ. ಕೊಡುವವನೇ ಇಲ್ಲಿ ಕೈ ಕೆಳಗೆ ಮಾಡಿ ನಿಲ್ಲಬೇಕು. ಅಂಗಡಿಕಾರನಿಗೆ ಇದು ಹೊಸದೇನಲ್ಲ, ದಿನಾ ಗಿರಾಕಿಯ ಮುಂದೆ ಅವ ಮಾಡುವುದೇ ಅದು. ಪಟ್ಟಿಯವರ ಮುಂದೆ ಮಾತ್ರ ಅವನ ಕುತ್ತಿಗೆ ಸ್ವಲ್ಪ ನೆಟ್ಟಗಾಗುತ್ತದೆ!

ಕೊಡುವ ಮೊದಲು ಎಲ್ಲಿಂದ ಬಂತು ಎಂದು ನೋಡಬೇಕು ಅನ್ನುವುದಕ್ಕೆ ಆಯ್ದಕ್ಕಿ ಲಕ್ಕಮ್ಮನ ಕತೆಗಿಂತ ಮಿಗಿಲಾದ ಪಾಠ ಇನ್ನೊಂದಿಲ್ಲ. ಲಕ್ಕಮ್ಮ, ಮಾರಯ್ಯ ರಾಯಚೂರು ಸೀಮೆಯ ಅಮರೇಶ್ವರದ ಕಡೆಯ ದಂಪತಿಗಳು. ಕಲ್ಯಾಣಕ್ಕೆ ಬಂದು, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಮಾರಯ್ಯನ ಕಾಯಕ. ಅದರಿಂದಲೇ ಅವರ ಊಟ, ಅದರಿಂದಲೇ ಜಂಗಮ ದಾಸೋಹ. ಒಂದು ದಿನ ಮಾರಯ್ಯ ದಿನದ ಅಳತೆಗಿಂತ ಹೆಚ್ಚು ಅಕ್ಕಿ ತಂದ. ಕದ್ದದ್ದಲ್ಲ, ಬೇಡಿದ್ದಲ್ಲ, ಅಂದು ಚೆಲ್ಲಿದ್ದೇ ಹೆಚ್ಚು. ಲಕ್ಕಮ್ಮ ಚೀಲ ನೋಡಿದವಳೇ, ಈ ಹೆಚ್ಚಿನ ಅಕ್ಕಿ ನಮಗೆ ಬೇಡ, ಎಲ್ಲಿಂದ ತಂದಿರೋ ಅಲ್ಲೇ ಸುರಿದು ಬನ್ನಿ ಎಂದಳು. ಮಾರಯ್ಯ ಹೋಗಿ ಸುರಿದು ಬಂದ. ಉಳಿದ ಹಿಡಿ ಅಕ್ಕಿಯಲ್ಲಿ ಆ ತಾಯಿ ಬಸವಣ್ಣನವರಿಗೂ ಒಂದು ಲಕ್ಷ ತೊಂಬತ್ತಾರು ಸಾವಿರ ಜಂಗಮರಿಗೂ ಉಣಬಡಿಸಿದಳು ಎಂದು ಪುರಾಣ ಹೇಳುತ್ತದೆ.

ಈ ಕತೆ ಹೇಳುವವರು ಬಹಳ ಸಲ ಕೊನೆಯ ಪವಾಡಕ್ಕೇ ಕೈ ಮುಗಿದು ಎದ್ದುಬಿಡುತ್ತಾರೆ. ಗಟ್ಟಿ ಮಾತು ಇರುವುದು ನಡುವೆ. ಹೆಚ್ಚಿನ ಅಕ್ಕಿ ಬಂದದ್ದು ದಾಸೋಹಕ್ಕೇ ಹೋಗುವುದಿತ್ತಲ್ಲ! ದೇವರ ಕೆಲಸಕ್ಕೆ ತಾನೆ, ಇರಲಿ ಬಿಡು ಅನ್ನಬಹುದಿತ್ತು. ಲಕ್ಕಮ್ಮ ಅನ್ನಲಿಲ್ಲ. ಒಳ್ಳೆಯ ಕೆಲಸಕ್ಕೆ ಹೋಗುತ್ತದೆ ಎಂಬ ಕಾರಣಕ್ಕೆ ತನ್ನದಲ್ಲದ ಅಕ್ಕಿ ತನ್ನದಾಗುವುದಿಲ್ಲ.

ಈಗ ಗಣೇಶಗುಡಿಯ ಅಂಗಡಿಗೆ ಬನ್ನಿ. ಜಾತ್ರೆಯ ಕಾಲ. ಬೆಳಗಿನ ನಾಲ್ಕಕ್ಕೆ ಎದ್ದ ಹುಡುಗ ರಾತ್ರಿ ಹನ್ನೊಂದರವರೆಗೆ ಗ್ಲಾಸು ತೊಳೆದಿದ್ದಾನೆ. ಅವನಿಗೆ ಎರಡು ತಿಂಗಳ ಪಗಾರ ಬಾಕಿ. ಅದೇ ರಾತ್ರಿ ಅಂಗಡಿಕಾರ 1,001 ರೂಪಾಯಿ ಅನ್ನದಾಸೋಹಕ್ಕೆ ಬರೆಸಿದರೆ, ಅದು ಯಾರ ದಾಸೋಹ? ಪಾವತಿಯಲ್ಲಿ ಅಂಗಡಿಯ ಹೆಸರಿರುತ್ತದೆ, ದುಡ್ಡು ಹುಡುಗನದು. ತಕ್ಕಡಿಯಲ್ಲಿ ಐವತ್ತು ಗ್ರಾಂ ಒತ್ತಿ ಉಳಿಸಿದ್ದನ್ನು ಗುಡಿಯ ಹುಂಡಿಗೆ ಹಾಕಿದರೂ ಅಷ್ಟೇ. ಲಕ್ಕಮ್ಮನಿದ್ದಿದ್ದರೆ ಚೀಲ ಹೊರಿಸಿ ವಾಪಸು ಕಳಿಸುತ್ತಿದ್ದಳು. ಮೊದಲು ಹುಡುಗನ ಪಗಾರ, ಆಮೇಲೆ ಹೋಲ್‌ಸೇಲ್ ಅಂಗಡಿಯ ಬಾಕಿ, ಮನೆಯವರ ಊಟ. ಇದೆಲ್ಲ ಕಳೆದು ಗಲ್ಲಾದಲ್ಲಿ ಹತ್ತು ರೂಪಾಯಿ ಉಳಿದರೆ ಆ ಹತ್ತು ದಾಸೋಹದ್ದು. ಸಾಲ ಮಾಡಿ ದೊಡ್ಡ ಹೆಸರು ಬರೆಸುವವರನ್ನು ಕಂಡರೆ ಅಯ್ಯೋ ಅನಿಸುತ್ತದೆ. ಚನ್ನಬಸವಣ್ಣನವರು ಯಾರ ಮನೆ ಮಾರಿಸಿ ತೇರು ಎಳೆಸಿಕೊಳ್ಳುವವರಲ್ಲ.

ಇನ್ನೊಂದು ತರಹದ ಹಣವುಂಟು. ಹಿಂದೆ ಹುಬ್ಬಳ್ಳಿ, ಗದಗ, ಬೆಳಗಾವಿ ಕಡೆಯ ಪೇಟೆಗಳಲ್ಲಿ, ಮುಂಬಯಿ ಪ್ರಾಂತ್ಯದ ಉದ್ದಗಲಕ್ಕೂ, ಅಡತಿ ಅಂಗಡಿಗಳಲ್ಲಿ ‘ಧರ್ಮಾದಾಯ’ ಎಂದು ಒಂದು ಪದ್ಧತಿ ಇತ್ತು. ಮಾಲು ಮಾರಾಟವಾದಾಗ ಚೀಲಕ್ಕೆ ಇಷ್ಟು ಕಾಸು ಎಂದು ಧರ್ಮದ ಹೆಸರಿನಲ್ಲಿ ಹಿಡಿಯುತ್ತಿದ್ದರು. ಧರ್ಮಶಾಲೆ, ಅನ್ನಛತ್ರ, ಪಾಠಶಾಲೆ, ಗೋಶಾಲೆಗಳಿಗೆ ಹೋಗಬೇಕಾದ ಹಣ ಅದು. ಕೊಟ್ಟವ ರೈತ ಇಲ್ಲವೇ ಗಿರಾಕಿ, ಹಿಡಿದಿಟ್ಟವ ವ್ಯಾಪಾರಿ. ಬರಬರುತ್ತಾ ಕೆಲವರ ಲೆಕ್ಕದ ಪುಸ್ತಕದಲ್ಲಿ ಆ ಕಾಸು ಬಂದದ್ದು ಕಾಣುತ್ತಿತ್ತು, ಹೋದದ್ದು ಕಾಣುತ್ತಿರಲಿಲ್ಲ. 1950ರಲ್ಲಿ ಮುಂಬಯಿ ಸಾರ್ವಜನಿಕ ನ್ಯಾಸಗಳ ಕಾಯ್ದೆ ಬಂದಾಗ ಇದಕ್ಕೆಂದೇ ಒಂದು ಕಲಮು ಹಾಕಿದರು, 54ನೆಯದು. ಧರ್ಮಕ್ಕೆಂದು ಹಿಡಿದ ಹಣ ವ್ಯಾಪಾರಿಯ ಸ್ವಂತದ್ದಲ್ಲ, ಅವನು ಅದರ ವಿಶ್ವಸ್ಥ ಮಾತ್ರ, ಲೆಕ್ಕ ಒಪ್ಪಿಸಬೇಕು ಎಂದು ಅದರ ತಾತ್ಪರ್ಯ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ 1956ರವರೆಗೆ ಮುಂಬಯಿಯ ಆಡಳಿತದಲ್ಲೇ ಇತ್ತು. ಆದ್ದರಿಂದ ಈ ಮಾತು ಇಲ್ಲಿಯ ಹಿರಿಯ ವ್ಯಾಪಾರಸ್ಥರ ಕಿವಿಗೂ ಬಿದ್ದಿರಲೇಬೇಕು. ಶರಣರು ಎಂಟುನೂರು ವರ್ಷದ ಹಿಂದೆ ಹೇಳಿದ್ದನ್ನು ಸರ್ಕಾರ ಕಲಮು ಹಾಕಿ ಹೇಳಬೇಕಾಯಿತು, ಅಷ್ಟೆ.

ಅಡತಿಯ ಆ ಕಾಸು ಹೋದರೂ ಅದರ ತಮ್ಮ ಇನ್ನೂ ಇದ್ದಾನೆ. ಅಂಗಡಿಯ ಮೇಜಿನ ಮೇಲೆ ಇರುವ ಸಣ್ಣ ಡಬ್ಬಿ. ‘ಅನಾಥ ಮಕ್ಕಳಿಗೆ’, ‘ಗೋಶಾಲೆಗೆ’, ‘ದೇವಸ್ಥಾನದ ಜೀರ್ಣೋದ್ಧಾರಕ್ಕೆ’ ಎಂದು ಚೀಟಿ ಅಂಟಿಸಿದ್ದು. ಗಿರಾಕಿ ಉಳಿದ ಚಿಲ್ಲರೆ ಹಾಕಿ ಹೋಗುತ್ತಾನೆ. (ಈಗ ಎಲ್ಲರೂ ಮೊಬೈಲಿನಲ್ಲೇ ಹಣ ಕೊಡುವುದರಿಂದ ಚಿಲ್ಲರೆಯೂ ಇಲ್ಲ, ಡಬ್ಬಿಗೆ ಬೀಳುವುದೂ ಕಡಿಮೆಯಾಗಿದೆ.) ವರ್ಷದ ಕೊನೆಗೆ ಡಬ್ಬಿ ಒಡೆದು ಆ ಹಣವನ್ನು ಅಂಗಡಿಯ ಹೆಸರಿನಲ್ಲೇ ಕೊಟ್ಟು ಶಾಲು ಹೊದಿಸಿಕೊಳ್ಳುವುದು ಸರಿಯೇ? ಪಾವತಿಯ ಮೇಲೆ ‘ಗಿರಾಕಿಗಳಿಂದ, ಇಂಥ ಅಂಗಡಿಯ ಮುಖಾಂತರ’ ಎಂದು ಬರೆಸಿದರೆ ಖರ್ಚೇನಿಲ್ಲ, ಎರಡು ಶಬ್ದ ಹೆಚ್ಚು ಬರೆಯಬೇಕಷ್ಟೆ.

ಕೊಡುವವರಿಗೆ ಇಷ್ಟು ಹೇಳಿದ ಮೇಲೆ ಎತ್ತುವವರಿಗೂ ಹೇಳಬೇಕು. ಹತ್ತು ಹುಡುಗರು ಗುಂಪಾಗಿ ಅಂಗಡಿಯ ಮುಂದೆ ನಿಂತು, ಇಷ್ಟೇ ಕೊಡಬೇಕು ಎಂದು ಮೊದಲೇ ಬರೆದ ಪಾವತಿ ಹರಿದು ಕೈಗಿಟ್ಟರೆ ಅದು ವರ್ಗಣಿಯಲ್ಲ, ಕರ. ಕೊಡದಿದ್ದರೆ ಮುಖ ಮುರಿಯುವುದು, ನಾಳೆಯಿಂದ ಆ ಅಂಗಡಿಗೆ ಹೋಗಬೇಡ್ರೋ ಅನ್ನುವುದು, ಇದೆಲ್ಲ ವಿಘ್ನೇಶ್ವರನ ಹೆಸರಿನಲ್ಲೇ ಹಾಕುವ ವಿಘ್ನ. ಎತ್ತಿದ ಮೇಲೆ ಲೆಕ್ಕ ಎಲ್ಲಿ? ನೋಂದಣಿಯಾದ ಸಂಘಕ್ಕೆ 1960ರ ಸಂಘಗಳ ನೋಂದಣಿ ಕಾಯ್ದೆ ಇದೆ, ವರ್ಷವರ್ಷ ಲೆಕ್ಕ ಸಲ್ಲಿಸಬೇಕು. ನೋಂದಣಿಯಾಗದ ಮಂಡಳಿಗೆ ಊರ ಕಟ್ಟೆಯೇ ಕಚೇರಿ.

ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದಾಗ, ಅರಮನೆಯ ಹೊನ್ನು ಮಹಾಮನೆಯ ದಾಸೋಹಕ್ಕೆ ಹೋಗುತ್ತಿದೆ ಎಂದು ಚಾಡಿಕೋರರು ದೂರು ಒಯ್ದರಂತೆ. ಬಸವಣ್ಣನವರು, ನನ್ನ ಭಕ್ತಿಯನ್ನೇ ಸಂಶಯಿಸುತ್ತೀರಾ ಎಂದು ಸಿಟ್ಟಾಗಲಿಲ್ಲ. ಲೆಕ್ಕ ಮುಂದಿಟ್ಟರು. ಎಣಿಸಿ ನೋಡಿದಾಗ ಹೊನ್ನು ಸರಿಯಾಗಿತ್ತು ಎಂದು ಕತೆ. ಭಕ್ತಿಭಂಡಾರಿಯೇ ಲೆಕ್ಕ ತೋರಿಸಿದ ಮೇಲೆ ಉಳಿದವರು ಯಾವ ಲೆಕ್ಕದವರು?

ಹತ್ತು ರೂಪಾಯಿಯಿಂದ ಏನಾಗುತ್ತದೆ ಅನ್ನುವವರು ಗದಗಿಗೆ ಹೋಗಿ ವೀರೇಶ್ವರ ಪುಣ್ಯಾಶ್ರಮ ನೋಡಿ ಬರಲಿ. ಪಂಚಾಕ್ಷರ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿ, ಅವರ ಹೊಟ್ಟೆ ತುಂಬಿಸಲು ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು ಅದನ್ನು 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೂ ನಡೆಸಿದರು. ಊರೂರಿನಲ್ಲಿ ಭಕ್ತರು ಅವರಿಗೆ ನಾಣ್ಯದ ತುಲಾಭಾರ ಮಾಡಿದರು. ತಕ್ಕಡಿಯಲ್ಲಿ ಬಿದ್ದದ್ದು ಒಬ್ಬ ಸಾಹುಕಾರನ ಥೈಲಿಯಲ್ಲ. ಕಿರಾಣಿಯವ, ಕಾಯಿಪಲ್ಲೆಯವಳು, ಹಮಾಲ ಎಲ್ಲರ ಚಿಲ್ಲರೆ ಕೂಡಿ ತೂಕವಾದದ್ದು. ಆ ತೂಕದಿಂದ ಮಕ್ಕಳು ಉಂಡರು, ಹಾಡು ಕಲಿತರು.

ಅದಕ್ಕಿಂತ ಸಣ್ಣ ಅಂಗಡಿಯ ಕತೆ ಮಂಗಳೂರಿನದು. ಅಂಗಡಿ ಅನ್ನಲಿಕ್ಕೂ ಆಗದು, ಒಂದು ಬುಟ್ಟಿ ಕಿತ್ತಳೆ. ಹರೇಕಳ ಹಾಜಬ್ಬ ಎಂಬ ಕಿತ್ತಳೆ ವ್ಯಾಪಾರಿ, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಪರದೇಶದ ಪ್ರವಾಸಿಗರು ಹಣ್ಣಿನ ಬೆಲೆ ಎಷ್ಟೆಂದು ಇಂಗ್ಲಿಷಿನಲ್ಲಿ ಕೇಳಿದರು. ಇವರಿಗೆ ತಿಳಿಯಲಿಲ್ಲ, ಅವರು ಹೊರಟುಹೋದರು. ವ್ಯಾಪಾರ ಹೋಯಿತೆಂದು ಬೇರೆಯವರು ಮರೆತುಬಿಡುತ್ತಿದ್ದರು. ಹಾಜಬ್ಬನವರಿಗೆ ತಮ್ಮ ಊರಿನ, ಹರೇಕಳ ನ್ಯೂಪಡ್ಪುವಿನ, ಮಕ್ಕಳ ಚಿಂತೆ ಹತ್ತಿತು. ಅಲ್ಲಿ ಶಾಲೆಯೇ ಇರಲಿಲ್ಲ. ಹಣ್ಣು ಮಾರಿ ಉಳಿದದ್ದನ್ನು ಕೂಡಿಟ್ಟರು, ಕಚೇರಿ ಕಚೇರಿ ಅಲೆದರು, ಕಂಡವರಲ್ಲಿ ಬೇಡಿದರು. 2000ದಲ್ಲಿ ಮದರಸದ ಜಾಗದಲ್ಲಿ 28 ಮಕ್ಕಳಿಂದ ಶಾಲೆ ಶುರುವಾಯಿತು. ಆಮೇಲೆ ಜಾಗ ಬಂತು, ಕಟ್ಟಡ ಬಂತು, ಹೈಸ್ಕೂಲೂ ಬಂತು. 2020ರಲ್ಲಿ ಪದ್ಮಶ್ರೀ ಘೋಷಣೆಯಾಗಿ, 2021ರ ನವೆಂಬರಿನಲ್ಲಿ ಬಿಳಿ ಪಂಚೆ ಉಟ್ಟು ಬರಿಗಾಲಲ್ಲಿ ರಾಷ್ಟ್ರಪತಿ ಭವನದಲ್ಲಿ ನಿಂತು ಅದನ್ನು ಸ್ವೀಕರಿಸಿದರು.

ಹಾಜಬ್ಬನವರ ಜಾತಿ-ಮತ ಯಾವುದಾದರೇನು, ಶರಣರ ಅನುಭವ ಮಂಟಪದಲ್ಲಿ ಅವರಿಗೆ ಹಗ್ಗ ಹೊಸೆಯುವ ನುಲಿಯ ಚಂದಯ್ಯನವರ ಪಕ್ಕದಲ್ಲಿ ಜಾಗ ಸಿಗುತ್ತಿತ್ತು. ಉಳವಿಯಲ್ಲಿ ಹರಳಯ್ಯನ ಚಿಲುಮೆ ನೋಡುವ ಭಕ್ತರು ನೆನೆಯಲಿ, ಆ ಹರಳಯ್ಯನವರೂ ಮೆಟ್ಟು ಹೊಲಿಯುವ ಕಾಯಕದವರೇ.

ಇವರ ಬದುಕಿನಲ್ಲಿ ಒಂದು ಸೂಕ್ಷ್ಮವುಂಟು. ಹಾಜಬ್ಬನವರು ಬೇಡುವುದಕ್ಕೆ ಮೊದಲು ತಮ್ಮ ಬುಟ್ಟಿಯ ಕಾಸು ಇಟ್ಟರು. ಅದನ್ನು ಕಂಡೇ ಉಳಿದವರು ಕೊಟ್ಟದ್ದು. ದೊಡ್ಡ ದಾನಿಗಳು ಬರುವುದು ಯಾವಾಗಲೂ ಎರಡನೆಯ ಸಾಲಿನಲ್ಲಿ. ಮೊದಲ ಸಾಲಿನಲ್ಲಿ ಆ ಊರಿನದೇ ಚಹಾದಂಗಡಿ, ಸೈಕಲ್ ಪಂಕ್ಚರಿನವ, ಹೂ ಮಾರುವವಳು ಇರುತ್ತಾರೆ. ಊರವರೇ ಕೈ ಹಾಕದ ಕೆಲಸಕ್ಕೆ ಬೆಂಗಳೂರಿನವರು ಯಾಕೆ ಕೈ ಹಾಕಬೇಕು?

ಹಾಗಾದರೆ ಆಷಾಢದಲ್ಲಿ? ಮತ್ತೆ ಆ ಗಣೇಶಗುಡಿಯ ಅಂಗಡಿಯೇ. ಹೊರಗೆ ಧೋ ಎಂದು ಮಳೆ, ಗಿರಾಕಿ ಇಲ್ಲ, ಹುಡುಗನಿಗೆ ಪಗಾರ ಕೊಟ್ಟು ಗಲ್ಲಾ ಬರಿದಾಗಿದೆ. ಕೊಡೆ ಮಡಚುತ್ತ ಮಹಿಳಾ ಸಂಘದ ಇಬ್ಬರು ಬರುತ್ತಾರೆ.

“ಅಣ್ಣಾ, ಶಾಲೆ ಮಕ್ಕಳಿಗೆ ಪಾಟಿ ಪುಸ್ತಕ ಕೊಡಿಸೋದೈತಿ. ಏನಾರ ಬರಕೊಳ್ಳೋಣೇನ್ರಿ?”

“ಅಕ್ಕಾರ, ಈ ತಿಂಗಳು ರೊಕ್ಕ ಇಲ್ರಿ. ಒಂದು ಕಿಲೋ ಬೆಲ್ಲ ಕೊಡ್ತೀನಿ, ಆ ದಿನ ಮಕ್ಕಳಿಗೆ ಪಾಯಸಾನಾದ್ರೂ ಮಾಡ್ರಿ.”

ಆ ಹೆಣ್ಣುಮಗಳು ಪುಸ್ತಕ ತೆಗೆದು ಬರೆಯುತ್ತಾಳೆ: ಬೆಲ್ಲ, ಒಂದು ಕಿಲೋ. ಶ್ರಾವಣದಲ್ಲಿ ಕಟ್ಟೆಯ ಮೇಲೆ ಕೂತು ಲೆಕ್ಕ ಓದುವಾಗ, ಯಾರೋ ಕೊಟ್ಟ 5,000 ರೂಪಾಯಿ ಓದಿದ ದನಿಯಲ್ಲೇ, ಸಣ್ಣದು ಮಾಡದೆ, ಆ ಸಾಲನ್ನೂ ಓದುತ್ತಾಳೆ. ಆಮೇಲೆ ಪುಸ್ತಕವನ್ನು ಎಲ್ಲರ ಕೈಗೂ ದಾಟಿಸುತ್ತಾಳೆ.